ರೈನ್ ನದಿಗೆ ನೀರು ಮರಳುವುದು ಯಾವಾಗ: ಮುಂಬಯಿಯ ರಫ್ತು ಕಚೇರಿಯಲ್ಲಿ ಕುಳಿತು ಅಂದಾಜು ಮಾಡುವ ಕ್ರಮ

ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಿಂದ ಹೊರಟ ಕಂಟೇನರು ರಾಟರ್‌ಡ್ಯಾಮಿನಲ್ಲೋ ಆಂಟ್‌ವರ್ಪಿನಲ್ಲೋ ಇಳಿದು, ಅಲ್ಲಿಂದ ಬಾರ್ಜ್ (ನದಿಯಲ್ಲಿ ಓಡುವ ಸರಕು ದೋಣಿ) ಏರಿ, ರೈನ್ ನದಿಯಲ್ಲಿ ಮೇಲ್ಮುಖವಾಗಿ ಸಾಗಿ ಲುಡ್ವಿಗ್ಸ್‌ಹಾಫೆನ್, ಮಾನ್‌ಹೈಮ್ ಅಥವಾ ಬಾಸೆಲ್ ತಲುಪುವುದು ನಮ್ಮಲ್ಲಿ ಅನೇಕರ ದಿನನಿತ್ಯದ ಕೆಲಸದ ಒಂದು ಭಾಗ. ಯುರೋಪಿನಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಆಗಸ್ಟಿನಿಂದ ನವೆಂಬರಿನವರೆಗೆ ಅಂಬರನಾಥ, ತಾರಾಪುರ, ಲೋಟೆಯ ರಾಸಾಯನಿಕ ಕಾರ್ಖಾನೆಗಳಿಂದ ಬರುವ ಕರೆಗಳಲ್ಲಿ ಒಂದೇ ಪ್ರಶ್ನೆ ಇರುತ್ತದೆ: ನದಿಗೆ ನೀರು ಯಾವಾಗ ಬರುತ್ತದೆ? ಬಲ್ಲಾರ್ಡ್ ಎಸ್ಟೇಟಿನಿಂದ ಉರಣದವರೆಗೆ ಸರಕು ಸಾಗಣೆಯ ಕಚೇರಿಗಳಲ್ಲಿ ದುಡಿಯುತ್ತಿರುವ ಕನ್ನಡಿಗರು ಕಡಿಮೆಯಿಲ್ಲ. ಅವರಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು, ನಾನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಲಿತದ್ದು ಒಂದು ತಪ್ಪಿನಿಂದ. 2018ರ ಬರದಲ್ಲಿ ದಕ್ಷಿಣ ಜರ್ಮನಿಯಲ್ಲಿ ಎರಡು ದಿನ ಮಳೆ ಬಿದ್ದು ನೀರಿನ ಮಟ್ಟ ಏರತೊಡಗಿದ್ದನ್ನು ಕಂಡು, ಮುಂದಿನ ವಾರದಿಂದ ಬಾರ್ಜ್‌ಗಳು ಮೊದಲಿನಂತೆ ಓಡುತ್ತವೆ ಎಂದು ಒಬ್ಬ ಗ್ರಾಹಕರಿಗೆ ನಾನು ಬರೆದುಕೊಟ್ಟೆ. ಅವರು ನನ್ನ ಮಾತನ್ನು ನಂಬಿ ರೈಲಿನ ಬುಕಿಂಗ್ ರದ್ದು ಮಾಡಿದರು. ಏರಿದ ನೀರು ಏರಿದಷ್ಟೇ ಬೇಗ ಇಳಿಯಿತು. ಅವರ ಕಂಟೇನರುಗಳು ಬಂದರಿನಲ್ಲೇ ಉಳಿದು ದಿನಬಾಡಿಗೆ ಬೆಳೆಯಿತು. ನೀರು ಏರಿದ್ದು ನಿಜವಾಗಿತ್ತು, ನದಿ ಚೇತರಿಸಿಕೊಂಡಿರಲಿಲ್ಲ. ಈ ಎರಡರ ನಡುವಣ ಅಂತರವನ್ನು ಗುರುತಿಸುವುದೇ ಇಡೀ ಕೆಲಸದ ಜೀವಾಳ ಎಂದು ನನಗೆ ಅಂದು ಗೊತ್ತಿರಲಿಲ್ಲ.

ಮೊದಲು ಪ್ರಶ್ನೆಯನ್ನು ಸರಿಪಡಿಸಿ

‘ನದಿ ಸರಿಹೋಗುವುದು’ ಎಂಬ ಮಾತಿಗೆ ನಿಶ್ಚಿತ ಅರ್ಥವಿಲ್ಲ. ಆದ್ದರಿಂದ ಅಂದಾಜಿಗೆ ಕೈಹಾಕುವ ಮೊದಲು ಮೂರು ಸಂಗತಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು: ಯಾವ ಮಾಪಕ (ನದಿಯ ನೀರಿನ ಮಟ್ಟ ಅಳೆಯುವ ಅಳತೆಗೋಲು), ಎಷ್ಟು ಸೆಂಟಿಮೀಟರ್, ಎಷ್ಟು ದಿನ ಸತತವಾಗಿ. ‘ಕೌಬ್ ಮಾಪಕದಲ್ಲಿ 100 ಸೆಂಟಿಮೀಟರಿಗಿಂತ ಮೇಲೆ, ಸತತ 7 ದಿನ’ ಎಂಬುದು ಪ್ರಶ್ನೆಯ ಸರಿಯಾದ ರೂಪ. ಮಿತಿಯನ್ನು ನಿಮ್ಮ ಸರಕು ಮತ್ತು ಬಾರ್ಜ್ ಕಂಪನಿಯ ದರಪಟ್ಟಿಯೇ ನಿರ್ಧರಿಸುತ್ತದೆ. ನೀರು ಇಳಿದಂತೆ ಹಂತಹಂತವಾಗಿ ಏರುವ ಸರ್‌ಚಾರ್ಜಿನ ಕೋಷ್ಟಕ ಆ ದರಪಟ್ಟಿಯಲ್ಲಿರುತ್ತದೆ, ಮತ್ತು ಒಂದು ಮಟ್ಟದ ಕೆಳಗೆ ಸರಕು ಸಾಗಿಸುವ ಹೊಣೆಯೇ ಕಂಪನಿಗೆ ಇರುವುದಿಲ್ಲ ಎಂಬ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ಆ ಷರತ್ತಿನ ಅಂಕಿಯನ್ನು ಬರ ಬರುವ ಮೊದಲೇ ಹುಡುಕಿ ಇಟ್ಟುಕೊಳ್ಳಿ.

ಕೌಬ್ ಎಂಬ ಚಿಕ್ಕ ಊರಿನ ಹೆಸರು ಇಷ್ಟು ಕೇಳಿಬರಲು ಕಾರಣವಿದೆ. ಬಿಂಗನ್ ಮತ್ತು ಕೊಬ್ಲೆನ್ಸ್ ನಡುವೆ ನದಿ ಕಲ್ಲುಬಂಡೆಗಳ ಕಣಿವೆಯೊಂದರಲ್ಲಿ ಹರಿಯುತ್ತದೆ. ಅಲ್ಲಿ ಹಡಗು ದಾರಿಯ ಆಳ ಅತ್ಯಂತ ಕಡಿಮೆ. ಸರಪಳಿಯ ಬಲ ಅದರ ದುರ್ಬಲ ಕೊಂಡಿಯಷ್ಟೇ ಎನ್ನುವ ಹಾಗೆ, ರಾಟರ್‌ಡ್ಯಾಮಿನಿಂದ ಬಾಸೆಲ್‌ವರೆಗಿನ ಇಡೀ ಮಾರ್ಗದಲ್ಲಿ ಬಾರ್ಜ್ ಎಷ್ಟು ಸರಕು ಹೊರಬಹುದು ಎಂಬುದನ್ನು ಈ ಒಂದು ಜಾಗ ತೀರ್ಮಾನಿಸುತ್ತದೆ. ಆದರೆ ನಿಮ್ಮ ಸರಕು ಡ್ಯೂಸ್‌ಬರ್ಗ್ ಅಥವಾ ಕೊಲೋನಿನಲ್ಲೇ ಇಳಿಯುವುದಾದರೆ ಅದು ಕೌಬ್ ದಾಟುವುದೇ ಇಲ್ಲ. ಆಗ ನೋಡಬೇಕಾದ್ದು ಕೊಲೋನ್ ಮತ್ತು ರೂರೋರ್ಟ್ ಮಾಪಕಗಳನ್ನು. ಈ ಸರಳ ವಿಷಯವನ್ನು ಮರೆತು, ಕೌಬ್ ಸುದ್ದಿ ಕೇಳಿ ಕೊಲೋನಿನ ಸರಕಿಗೆ ಗಾಬರಿಪಟ್ಟವರನ್ನು ನಾನು ಕಂಡಿದ್ದೇನೆ. ಫ್ರಾಂಕ್‌ಫರ್ಟಿಗೆ ಹೋಗುವ ಸರಕು ಮಾತ್ರ ಕೌಬ್ ದಾಟಿಯೇ ಹೋಗಬೇಕು, ಏಕೆಂದರೆ ಆ ನಗರವಿರುವ ಮೈನ್ ಉಪನದಿ ರೈನನ್ನು ಸೇರುವುದು ಕೌಬ್‌ಗಿಂತ ಮೇಲೆ, ಮೈಂಟ್ಸ್ ನಗರದ ಬಳಿ.

ಮಾಪಕದ ಅಂಕಿ ಆಳವಲ್ಲ

2018ರ ಅಕ್ಟೋಬರಿನಲ್ಲಿ ಕೌಬ್ ಮಾಪಕ 25 ಸೆಂಟಿಮೀಟರಿಗೆ ಇಳಿದಾಗ ರೈನ್ ನದಿಯಲ್ಲಿ ಒಂದು ಗೇಣು ನೀರು ಉಳಿದಿದೆ ಎಂದು ಅನೇಕರು ಭಾವಿಸಿದರು. ಮಾಪಕದ ಸೊನ್ನೆ ನದಿಯ ತಳವಲ್ಲ. ಹಿಂದೆಂದೋ ನಿಗದಿ ಮಾಡಿದ ಒಂದು ಉಲ್ಲೇಖ ಬಿಂದು. ಕೌಬ್‌ನಲ್ಲಿ ಹಡಗು ದಾರಿಯ ಆಳ ಬೇಕೆಂದರೆ ಮಾಪಕದ ಅಂಕಿಗೆ ಸುಮಾರು 1.1 ಮೀಟರ್ ಕೂಡಿಸಬೇಕು. ಅಂದರೆ ಮಾಪಕ 25 ತೋರಿಸಿದಾಗ ದಾರಿಯ ಆಳ ಸುಮಾರು 1.35 ಮೀಟರ್, 80 ತೋರಿಸಿದಾಗ ಸುಮಾರು 1.9 ಮೀಟರ್. ಇದರಲ್ಲಿ ತಳಕ್ಕೆ ತಾಗದಂತೆ ಇಪ್ಪತ್ತು ಮೂವತ್ತು ಸೆಂಟಿಮೀಟರ್ ಬಿಟ್ಟು ಉಳಿದದ್ದು ಬಾರ್ಜ್ ಮುಳುಗಬಹುದಾದ ಆಳ.

ಒಂದು ಸೆಂಟಿಮೀಟರಿನ ಬೆಲೆ ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದರೆ ಈ ಅಂಕಿಗಳ ಮೇಲೆ ಗೌರವ ಹುಟ್ಟುತ್ತದೆ. ರೈನ್ ನದಿಯ ಸಾಮಾನ್ಯ ದೊಡ್ಡ ಬಾರ್ಜ್ 110 ಮೀಟರ್ ಉದ್ದ, 11.4 ಮೀಟರ್ ಅಗಲ. ಅದು ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ ಸುಮಾರು 11 ಟನ್ ಸರಕು ಬೇಕು. ಹಾಗಾಗಿ ಮುಳುಗುವ ಆಳ 2.5 ಮೀಟರಿನಿಂದ 1.5 ಮೀಟರಿಗೆ ಇಳಿದರೆ ಒಂದೇ ಬಾರ್ಜಿನಲ್ಲಿ ಸುಮಾರು 1,100 ಟನ್ ಕಡಿಮೆಯಾಗುತ್ತದೆ, ಅಷ್ಟೇ ಸರಕಿಗೆ ಎರಡು ಮೂರು ಬಾರ್ಜ್ ಬೇಕಾಗುತ್ತದೆ. ಕೌಬ್ 40ಕ್ಕೆ ಇಳಿದರೆ ದೊಡ್ಡ ಬಾರ್ಜ್‌ಗಳಿಗೆ ಆ ದಾರಿ ಲಾಭದಾಯಕವಲ್ಲ ಎಂಬ ಮಾತು ಹುಟ್ಟಿದ್ದು ಈ ಲೆಕ್ಕದಿಂದಲೇ. 2018ರಲ್ಲಿ ಲುಡ್ವಿಗ್ಸ್‌ಹಾಫೆನ್ನಿನ ಬಿಎಎಸ್‌ಎಫ್ ಕಂಪನಿಗೆ ಕಡಿಮೆ ನೀರಿನಿಂದಾದ ಹೊರೆ ಸುಮಾರು 25 ಕೋಟಿ ಯೂರೋ ಎಂದು ಆ ಕಂಪನಿಯೇ ಹೇಳಿತ್ತು.

ನೀರು ಎಲ್ಲಿಂದ ಬರುತ್ತದೆ ಎಂಬುದು

ಮುಂಬಯಿಯಲ್ಲಿ ವಾಸಿಸುವವರಿಗೆ ಈ ಭಾಗವನ್ನು ವಿವರಿಸುವುದು ಸುಲಭ. ಜೂನ್ ತಿಂಗಳಲ್ಲಿ ಮಾಟುಂಗಾದ ಕಿಂಗ್ಸ್ ಸರ್ಕಲಿನಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗಲೂ ನಳದ ನೀರಿನ ಕಡಿತ ಮುಂದುವರಿದಿರುತ್ತದೆ. ನಗರಕ್ಕೆ ನೀರು ಕೊಡುವ ಏಳು ಕೆರೆಗಳಲ್ಲಿ ತುಲಸಿ, ವಿಹಾರ ಎರಡೇ ನಗರದೊಳಗೆ ಇವೆ. ಭಾತ್ಸಾ, ತಾನ್ಸಾ, ವೈತರಣಾ ಎಲ್ಲ ದೂರದ ಬೆಟ್ಟಸಾಲಿನಲ್ಲಿವೆ. ಮಳೆ ಅಲ್ಲಿ ಬೀಳಬೇಕು, ಕಾದ ನೆಲ ತನ್ನ ಪಾಲು ಕುಡಿದು ತಣಿಯಬೇಕು, ಆಮೇಲೆ ಕೆರೆಯ ಮಟ್ಟ ಏರಬೇಕು. ರೈನ್ ನದಿಯದೂ ಇದೇ ಕಥೆ, ವಿಸ್ತಾರ ಮಾತ್ರ ದೊಡ್ಡದು.

ಕೌಬ್ ಮಾಪಕದ ಮೇಲಿರುವ ಜಲಾನಯನ ಪ್ರದೇಶ ಸುಮಾರು 1 ಲಕ್ಷ ಚದರ ಕಿಲೋಮೀಟರ್. ಅದಕ್ಕೆ ನೀರು ಬರುವ ಮೂಲಗಳು ಒಂದೊಂದೂ ಬೇರೆ ಬೇರೆ ಸ್ವಭಾವದವು. ಆಲ್ಪ್ಸ್ ಪರ್ವತದ ಹಿಮ ಮೇ ತಿಂಗಳಿನಿಂದ ಜುಲೈವರೆಗೆ ಕರಗಿ ನದಿಯನ್ನು ಪೋಷಿಸುತ್ತದೆ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದಿದ್ದರೆ ಆಗಸ್ಟಿನ ಹೊತ್ತಿಗೆ ಆ ಆಸರೆ ತಪ್ಪಿಹೋಗಿರುತ್ತದೆ. 2022ರಲ್ಲಿ ಆದದ್ದು ಹಾಗೆಯೇ. ಕಾನ್‌ಸ್ಟನ್ಸ್ ಸರೋವರ ಒಂದು ದೊಡ್ಡ ಕಣಜದ ಹಾಗೆ, ರೈನ್ ಅದರೊಳಗೆ ಹಾದುಬರುತ್ತದೆ. ಅದರ ಹೊರಹರಿವಿಗೆ ಯಾವ ಅಣೆಕಟ್ಟಿನ ಬಾಗಿಲೂ ಇಲ್ಲ, ತುಂಬಿದ್ದಷ್ಟು ಹರಿಯುತ್ತದೆ, ಇಳಿದಂತೆ ಕಡಿಮೆಯಾಗುತ್ತದೆ. ಸ್ವಿಟ್ಜರ್ಲೆಂಡಿನ ದೊಡ್ಡ ಪಾಲು ನೀರನ್ನು ತರುವ ಆರೆ ನದಿ, ರೈನನ್ನು ಸೇರುವ ಜಾಗದಲ್ಲಿ, ರೈನಿಗಿಂತಲೂ ಹೆಚ್ಚು ನೀರು ಹೊತ್ತಿರುತ್ತದೆ. ಆಮೇಲೆ ಮಾನ್‌ಹೈಮಿನಲ್ಲಿ ನೆಕರ್, ಮೈಂಟ್ಸ್ ಬಳಿ ಮೈನ್, ಬಿಂಗನ್ನಿನಲ್ಲಿ ನಾಹೆ ಸೇರುತ್ತವೆ.

ಮೊಸೆಲ್ ನದಿ ಸೇರುವುದು ಕೊಬ್ಲೆನ್ಸಿನಲ್ಲಿ, ಕೌಬ್‌ನಿಂದ ಸುಮಾರು 45 ಕಿಲೋಮೀಟರ್ ಕೆಳಗೆ. ಪೂರ್ವ ಫ್ರಾನ್ಸಿನ ಮೊಸೆಲ್ ಸೀಮೆಯಲ್ಲಿ ಎಷ್ಟೇ ಮಳೆ ಸುರಿದರೂ ಆ ನೀರು ಕೊಲೋನನ್ನು ಉದ್ಧರಿಸುತ್ತದೆಯೇ ಹೊರತು ಕೌಬ್‌ಗೆ ಒಂದು ಹನಿಯನ್ನೂ ಕೊಡುವುದಿಲ್ಲ. ‘ಜರ್ಮನಿಯಲ್ಲಿ ಭಾರಿ ಮಳೆ’ ಎಂಬ ಸುದ್ದಿ ಬಂದ ಕೂಡಲೇ ನಕ್ಷೆ ತೆರೆದು, ಮಳೆ ಬಿದ್ದ ಜಾಗ ನಿಮ್ಮ ಮಾಪಕಕ್ಕಿಂತ ಮೇಲಿದೆಯೋ ಕೆಳಗಿದೆಯೋ ನೋಡಿ. ಬರ್ಲಿನ್, ಹ್ಯಾಂಬರ್ಗ್ ಕಡೆಯ ಮಳೆಗಂತೂ ರೈನ್ ನದಿಯೊಡನೆ ಸಂಬಂಧವೇ ಇಲ್ಲ.

ಮಳೆ ಬಾರದಿದ್ದರೆ ಎಲ್ಲಿಗೆ ಇಳಿಯುತ್ತದೆ

ಮಳೆ ನಿಂತ ಮೇಲೆ ನದಿ ಬದುಕುವುದು ಒರತೆಯಿಂದ, ಅಂದರೆ ನೆಲದೊಳಗಿಂದ ಮತ್ತು ಸರೋವರಗಳಿಂದ ನಿಧಾನವಾಗಿ ಬರುವ ನೀರಿನಿಂದ. ಈ ನೀರು ಮೊದಲು ಬೇಗ ಇಳಿದು, ಆಮೇಲೆ ಇಳಿಯುವ ವೇಗವೇ ಕಡಿಮೆಯಾಗುತ್ತ ಹೋಗುತ್ತದೆ. ಕರಾವಳಿಯ ಮನೆಯಂಗಳದ ಬಾವಿಯನ್ನು ಕಂಡವರಿಗೆ ಇದು ಹೊಸದಲ್ಲ: ಫೆಬ್ರವರಿಯಲ್ಲಿ ಬಾವಿಯ ನೀರು ವಾರಕ್ಕೆ ಒಂದು ಮೆಟ್ಟಿಲು ಇಳಿಯುತ್ತದೆ, ಏಪ್ರಿಲ್ ಕೊನೆಗೆ ಅದೇ ಬಾವಿ ಇಳಿದಂತೆಯೇ ಕಾಣುವುದಿಲ್ಲ.

ಈ ಸ್ವಭಾವವನ್ನು ಬಳಸಿಕೊಂಡು ಒಂದು ಒರಟು ಲೆಕ್ಕ ಹಾಕಬಹುದು. ಉದಾಹರಣೆಗೆ ಮಳೆಯಿಲ್ಲದ ನಾಲ್ಕು ಸೋಮವಾರಗಳಲ್ಲಿ ಮಾಪಕ ಕ್ರಮವಾಗಿ 107, 91, 79, 70 ತೋರಿಸಿತು ಎಂದಿಟ್ಟುಕೊಳ್ಳಿ. ವಾರದ ಇಳಿತ 16, 12, 9. ಪ್ರತಿ ವಾರದ ಇಳಿತ ಹಿಂದಿನ ವಾರದ ಮುಕ್ಕಾಲು ಭಾಗ. ಇದೇ ಪ್ರಮಾಣದಲ್ಲಿ ಮುಂದುವರಿದರೆ ಇನ್ನು ಇಳಿಯಬಹುದಾದ ಒಟ್ಟು ಮೊತ್ತ 9ರ ಮುಕ್ಕಾಲು ಭಾಗವನ್ನು ಕಾಲಿನಿಂದ ಭಾಗಿಸಿದಷ್ಟು, ಅಂದರೆ 27. ಹಾಗಾದರೆ ಮಳೆಯೇ ಬಾರದಿದ್ದರೂ ಮಟ್ಟ ಹೋಗಿ ನಿಲ್ಲುವುದು 43ರ ಸುತ್ತಮುತ್ತ, ಮುಂದಿನ ವಾರ ಕಾಣಬೇಕಾದ್ದು 63. ಮುಂದಿನ ಸೋಮವಾರ ಮಾಪಕ 63ರ ಬದಲು 58 ತೋರಿಸಿದರೆ ನಿಮ್ಮ ಕಣಜ ನೀವು ತಿಳಿದದ್ದಕ್ಕಿಂತ ಬರಿದಾಗಿದೆ ಎಂದರ್ಥ; 67 ತೋರಿಸಿದರೆ ಎಲ್ಲಿಂದಲೋ ನೀರು ಸೇರಿದೆ. ಜಲತಜ್ಞರು ಈ ಲೆಕ್ಕವನ್ನು ಮಟ್ಟದ ಮೇಲಲ್ಲ, ಹರಿವಿನ ಪ್ರಮಾಣದ ಮೇಲೆ ಹಾಕುತ್ತಾರೆ, ಅದು ಹೆಚ್ಚು ಸರಿ. ಆದರೆ ಕಚೇರಿಯ ಅಂದಾಜಿಗೆ ಮಟ್ಟದ ಲೆಕ್ಕವೂ ಕೈಹಿಡಿಯುತ್ತದೆ. ಮಧ್ಯೆ ಮಳೆ ಬಿದ್ದ ವಾರಗಳನ್ನು ಮಾತ್ರ ಇದರಲ್ಲಿ ಸೇರಿಸಬೇಡಿ.

ಇದರ ಜೊತೆಗೆ ಕಾನ್‌ಸ್ಟನ್ಸ್ ಸರೋವರದ ಮಟ್ಟವನ್ನು ದಿನವೂ ಬರೆದಿಡಿ. ಸರೋವರದ ವಿಸ್ತೀರ್ಣ ಸುಮಾರು 536 ಚದರ ಕಿಲೋಮೀಟರ್, ಹಾಗಾಗಿ ಅದು ಒಂದು ಸೆಂಟಿಮೀಟರ್ ಏರಿದರೆ 50 ಲಕ್ಷ ಘನ ಮೀಟರಿಗೂ ಹೆಚ್ಚು ನೀರು ಸಂಗ್ರಹವಾಗಿದೆ ಎಂದಾಯಿತು. ಕೌಬ್ ಏರುತ್ತಿದ್ದು ಸರೋವರ ಇನ್ನೂ ಇಳಿಯುತ್ತಿದ್ದರೆ ಆ ಏರಿಕೆಯನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಎಷ್ಟು ಮಳೆ ಬೇಕು

ಇಲ್ಲಿ ನಾಲ್ಕನೆಯ ತರಗತಿಯ ಗಣಿತ ಸಾಕು. 1 ಲಕ್ಷ ಚದರ ಕಿಲೋಮೀಟರ್ ನೆಲದಿಂದ 1 ಮಿಲಿಮೀಟರ್ ನೀರು ಹರಿದು ನದಿಗೆ ಬಂದರೆ ಅದು 10 ಕೋಟಿ ಘನ ಮೀಟರ್. ಐದು ದಿನಗಳಲ್ಲಿ ಹಂಚಿ ಹರಿದರೆ ಸೆಕೆಂಡಿಗೆ ಸುಮಾರು 230 ಘನ ಮೀಟರ್, ನಮ್ಮ ಅಣೆಕಟ್ಟುಗಳ ಭಾಷೆಯಲ್ಲಿ ಸುಮಾರು 8,000 ಕ್ಯುಸೆಕ್. ಕಡಿಮೆ ನೀರಿನ ಕಾಲದಲ್ಲಿ ಇದು ಸಣ್ಣದಲ್ಲ, ನದಿಯ ಪಾತ್ರ ಕಿರಿದಾಗಿರುವುದರಿಂದ ಮಾಪಕ ಚೆನ್ನಾಗಿಯೇ ಮೇಲೇರುತ್ತದೆ.

ಪ್ರಶ್ನೆ ಇರುವುದು, ಬಿದ್ದ ಮಳೆಯಲ್ಲಿ ಎಷ್ಟು ಪಾಲು ಹರಿದು ಬರುತ್ತದೆ ಎಂಬುದರಲ್ಲಿ. ಆಗಸ್ಟಿನಲ್ಲಿ ನೆಲ ಬಿರುಕುಬಿಟ್ಟಿರುತ್ತದೆ, ಕಾಡುಗಳು ಹಸಿರಾಗಿದ್ದು ನೀರು ಹೀರುತ್ತಿರುತ್ತವೆ, ಬಿಸಿಲಿಗೆ ಆವಿಯಾಗುವುದೂ ಹೆಚ್ಚು. 20 ಮಿಲಿಮೀಟರ್ ಮಳೆಯಲ್ಲಿ ಹತ್ತನೆಯ ಒಂದು ಪಾಲು ನದಿಗೆ ಬಂದರೆ 2 ಮಿಲಿಮೀಟರ್. ಅದೇ 20 ಮಿಲಿಮೀಟರ್ ನವೆಂಬರಿನ ಕೊನೆಯಲ್ಲಿ, ಎಲೆಯುದುರಿ, ನೆಲ ತೋಯ್ದು ನಿಂತ ಮೇಲೆ ಬಿದ್ದು ಹತ್ತರಲ್ಲಿ ನಾಲ್ಕು ಪಾಲು ಹರಿದರೆ 8 ಮಿಲಿಮೀಟರ್, ನಾಲ್ಕು ಪಟ್ಟು. ಈ ಪಾಲುಗಳು ಲೆಕ್ಕ ತಿಳಿಸಲು ನಾನು ಇಟ್ಟುಕೊಂಡವು, ಪ್ರತಿ ವರ್ಷ ಅವು ಬೇರೆಯೇ ಆಗಿರುತ್ತವೆ. ಆದರೆ ಮಾತಿನ ದಿಕ್ಕು ಬದಲಾಗುವುದಿಲ್ಲ. ಬರದ ನಂತರದ ಮೊದಲ ಮಳೆ ನೆಲದ ಸಾಲ ತೀರಿಸುತ್ತದೆ, ನದಿಗೆ ಸಿಗುವುದು ಎರಡನೆಯ ಮೂರನೆಯ ಮಳೆಯ ನೀರು. ಆದ್ದರಿಂದ ಒಂದು ದಿನದ ಜಡಿಮಳೆಗಿಂತ ಎರಡು ವಾರಗಳಲ್ಲಿ ಬಿಟ್ಟುಬಿಟ್ಟು ಬರುವ ಹದಮಳೆ ಹೆಚ್ಚು ಬೆಲೆಯುಳ್ಳದ್ದು. ಗುಡುಗುಮಳೆ ಒಂದು ಕಣಿವೆಯನ್ನು ತುಂಬಿಸಿ ಪಕ್ಕದ ಕಣಿವೆಯನ್ನು ಒಣಗಿಸಿಯೇ ಬಿಡುತ್ತದೆ. ಅಟ್ಲಾಂಟಿಕ್ ಸಾಗರದಿಂದ ಪಶ್ಚಿಮದ ಗಾಳಿ ಹೊತ್ತು ತರುವ ವಿಶಾಲವಾದ ಮಳೆ ಇಡೀ ಜಲಾನಯನವನ್ನು ತೋಯಿಸುತ್ತದೆ.

ಅಕ್ಟೋಬರ್ ದಾಟಿದ ಮೇಲೆ ಇನ್ನೊಂದು ಎಚ್ಚರಿಕೆ ಬೇಕು. ಆಲ್ಪ್ಸ್ ಪರ್ವತದಲ್ಲಿ ಚಳಿ ಇಳಿದಿದ್ದರೆ ಅಲ್ಲಿ ಬೀಳುವುದು ಹಿಮ. ಅದು ಮುಂದಿನ ಬೇಸಿಗೆಯ ಠೇವಣಿ, ಈ ತಿಂಗಳ ಕೌಬ್‌ಗೆ ಅದರಿಂದ ಪ್ರಯೋಜನವಿಲ್ಲ. ಹವಾಮಾನ ವರದಿಯಲ್ಲಿ ಮಳೆಯ ಪ್ರಮಾಣದ ಜೊತೆಗೆ ಹಿಮ ಬೀಳುವ ಎತ್ತರ ಎಷ್ಟೆಂದೂ ನೋಡಬೇಕು.

ಬಿದ್ದ ನೀರು ಬಂದು ತಲುಪಲು ಸಮಯ ಬೇಕು. ಬಾಸೆಲ್‌ನಲ್ಲಿ ಕಂಡ ಏರಿಕೆ ಕೌಬ್‌ಗೆ ಬರಲು ಎರಡು ಮೂರು ದಿನ ಹಿಡಿಯುತ್ತದೆ, ನೆಕರ್ ಮತ್ತು ಮೈನ್ ನದಿಗಳ ನೀರು ಇನ್ನೂ ಬೇಗ ಬರುತ್ತದೆ. ಹಾಗಾಗಿ ಬಾಸೆಲ್, ಮಾಕ್ಸೌ, ವರ್ಮ್ಸ್, ಮೈಂಟ್ಸ್ ಮಾಪಕಗಳನ್ನು ಈ ಕ್ರಮದಲ್ಲಿ ಬರೆದಿಟ್ಟುಕೊಂಡರೆ ಏರಿಕೆ ಮೇಲಿನಿಂದ ಕೆಳಗೆ ನಡೆದುಬರುವುದು ಕಣ್ಣಿಗೆ ಕಾಣುತ್ತದೆ. ಮುಂದಿನ ಎರಡು ಮೂರು ದಿನಗಳ ಮಟ್ಟಿಗೆ ಇದಕ್ಕಿಂತ ನಂಬಲರ್ಹವಾದದ್ದು ಬೇರೆ ಇಲ್ಲ, ಏಕೆಂದರೆ ಆ ನೀರು ಈಗಾಗಲೇ ನದಿಯಲ್ಲಿದೆ.

ಏರಿಕೆಯನ್ನಲ್ಲ, ಇಳಿದು ನಿಂತ ಜಾಗವನ್ನು ನೋಡಿ

2018ರಲ್ಲಿ ನಾನು ಎಡವಿದ್ದು ಇಲ್ಲಿಯೇ. ಒಂದು ಮಳೆ ಬಂದಾಗ ಮಾಪಕ 35ರಿಂದ 75ಕ್ಕೆ ಏರಬಹುದು. ಎಲ್ಲರ ಕಣ್ಣೂ 75ರ ಮೇಲಿರುತ್ತದೆ. ಕೆಲವು ದಿನಗಳ ನಂತರ ನೀರು ಇಳಿಯತೊಡಗುತ್ತದೆ, ಆ ಇಳಿತ ಎಲ್ಲಿ ನಿಧಾನವಾಗುತ್ತದೆ ಎಂಬುದೇ ನಮಗೆ ಬೇಕಾದ ಸುದ್ದಿ. ಮತ್ತೆ 38ಕ್ಕೆ ಬಂದು ನಿಂತರೆ ಆ ಮಳೆ ನದಿಯ ಮೇಲಿಂದ ಹಾದುಹೋಯಿತು, ಒರತೆಗೆ ಏನೂ ಸೇರಲಿಲ್ಲ. 55ರಲ್ಲಿ ನಿಂತರೆ, ಮಳೆಯಿಲ್ಲದಾಗಲೂ ನದಿಯಲ್ಲಿ ಉಳಿಯುವ ನೀರಿನ ಮಟ್ಟವೇ ಮೇಲೆದ್ದಿದೆ. ಮುಂದಿನ ಮಳೆ 55ರಿಂದ ಆರಂಭವಾಗುತ್ತದೆ, ಅದು 100 ದಾಟಿಸುವ ಸಾಧ್ಯತೆ ಹೆಚ್ಚು. ಸತತ ಎರಡು ಬಾರಿ ಇಳಿದು ನಿಂತ ಜಾಗ ಹಿಂದಿನದಕ್ಕಿಂತ ಮೇಲಿದ್ದರೆ ಮಾತ್ರ ‘ಚೇತರಿಕೆ ಆರಂಭವಾಗಿದೆ’ ಎಂದು ನಾನು ಗ್ರಾಹಕರಿಗೆ ಬರೆಯುತ್ತೇನೆ. ಇದರಿಂದ ಕೆಲವೊಮ್ಮೆ ಒಂದು ವಾರ ತಡವಾಗಿ ಹೇಳಿದಂತಾಗುತ್ತದೆ. ತಡವಾಗಿ ಹೇಳಿದ ಒಳ್ಳೆಯ ಸುದ್ದಿಯಿಂದ ಯಾರಿಗೂ ದಿನಬಾಡಿಗೆ ಬೆಳೆದಿಲ್ಲ.

ಏರಿಕೆ ಎಷ್ಟು ಉಪನದಿಗಳಿಂದ ಬಂದಿದೆ ಎಂಬುದನ್ನೂ ನೋಡಬೇಕು. ನೆಕರ್ ಒಂದೇ ಉಕ್ಕಿ ಉಳಿದವು ಸುಮ್ಮನಿದ್ದರೆ ಅದು ಸ್ಥಳೀಯ ಮಳೆ. ಆರೆ, ನೆಕರ್, ಮೈನ್ ಮೂರೂ ಒಂದೇ ವಾರದಲ್ಲಿ ಏರಿದರೆ ಹವಾಮಾನದ ದಿಕ್ಕೇ ಬದಲಾಗಿದೆ ಎಂದು ತಿಳಿಯಬಹುದು.

ಮುನ್ಸೂಚನೆಗಳು ಮತ್ತು ಹಳೆಯ ವರ್ಷಗಳು

ಜರ್ಮನಿಯ ಜಲಮಾರ್ಗ ಆಡಳಿತ ಪೇಗೆಲ್‌ಆನ್‌ಲೈನ್ ಮತ್ತು ಎಲ್ವಿಸ್ ಎಂಬ ತಾಣಗಳಲ್ಲಿ ಮಾಪಕಗಳ ಮಟ್ಟವನ್ನೂ ಮುಂದಿನ ಕೆಲವು ದಿನಗಳ ಮುನ್ಸೂಚನೆಯನ್ನೂ ಉಚಿತವಾಗಿ ಕೊಡುತ್ತದೆ. ಕೊಬ್ಲೆನ್ಸಿನಲ್ಲಿರುವ ಒಕ್ಕೂಟ ಸರ್ಕಾರದ ಜಲವಿಜ್ಞಾನ ಸಂಸ್ಥೆ 14 ದಿನಗಳ ಮುನ್ಸೂಚನೆಯನ್ನು ಕೊಡುತ್ತದೆ, 2022ರಿಂದ 6 ವಾರಗಳ ಮುನ್ಸೂಚನೆಯನ್ನೂ ಎಲ್ಲರಿಗೂ ತೆರೆದಿಟ್ಟಿದೆ. ಈ ಮೂರನ್ನು ಒಂದೇ ತೂಕದಲ್ಲಿ ಇಡಬಾರದು. ನಾಲ್ಕು ದಿನಗಳವರೆಗಿನದು ಬಹುಪಾಲು ನದಿಯಲ್ಲಿರುವ ನೀರಿನ ಲೆಕ್ಕ. ಎರಡು ವಾರಗಳದು ಮಳೆಯ ಅಂದಾಜಿನ ಮೇಲೆ ನಿಂತದ್ದು. ಆರು ವಾರಗಳದು ಒಂದು ನಿರ್ದಿಷ್ಟ ದಿನದ ಮಟ್ಟವನ್ನು ಹೇಳುವುದೇ ಇಲ್ಲ, ವಾರದ ಸರಾಸರಿ ಯಾವ ಎರಡು ಅಂಕಿಗಳ ನಡುವಿನ ಪಟ್ಟಿಯೊಳಗೆ ಬೀಳಬಹುದು ಎಂದು ಹೇಳುತ್ತದೆ. ಆ ಪಟ್ಟಿಯ ನಡುಗೆರೆಯನ್ನು ಮಾತ್ರ ನಕಲು ಮಾಡಿ ಗ್ರಾಹಕರಿಗೆ ಕಳಿಸುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ. ಅದು ತಪ್ಪು. ಪಟ್ಟಿಯ ಕೆಳಅಂಚು ನಿಮ್ಮ ಮಿತಿಗಿಂತ ಕೆಳಗಿರುವವರೆಗೆ ಅಪಾಯ ಉಳಿದೇ ಇದೆ.

ಹಳೆಯ ವರ್ಷಗಳ ಲೆಕ್ಕವನ್ನು ಮುನ್ಸೂಚನೆಯ ಪಕ್ಕದಲ್ಲಿ ಇಡಲೇಬೇಕು. ಹಿಂದಿನ ವರ್ಷಗಳ ದಾಖಲೆಯಲ್ಲಿ, ಇದೇ ತಿಂಗಳ ಇದೇ ವಾರದಲ್ಲಿ, ಮಾಪಕ ಇಂದಿನ ಮಟ್ಟದ ಹತ್ತು ಸೆಂಟಿಮೀಟರ್ ಆಚೀಚೆ ಇದ್ದ ವರ್ಷಗಳನ್ನು ಆರಿಸಿ. ಅಂಥ ವರ್ಷಗಳು ಹನ್ನೆರಡು ಸಿಕ್ಕವು ಎಂದುಕೊಳ್ಳೋಣ. ಎರಡು ವಾರದಲ್ಲಿ ಮಿತಿ ದಾಟಿದವು ಮೂರು, ನಾಲ್ಕು ವಾರದಲ್ಲಿ ಆರು, ಎಂಟು ವಾರದಲ್ಲಿ ಹತ್ತು ಎಂದಾದರೆ ನಿಮ್ಮ ಉತ್ತರ ಸಿದ್ಧವಾಯಿತು: ನಾಲ್ಕು ವಾರದೊಳಗೆ ಅರ್ಧಕ್ಕರ್ಧ ಸಾಧ್ಯತೆ, ಎರಡು ತಿಂಗಳ ಆಚೆಗೂ ಎಳೆಯುವ ಸಾಧ್ಯತೆ ಆರರಲ್ಲಿ ಒಂದು. ಆಮೇಲೆ ಸರೋವರದ ಮಟ್ಟ, ನೆಲದ ತೇವ ಮತ್ತು ಆರು ವಾರಗಳ ಮುನ್ಸೂಚನೆಯನ್ನು ನೋಡಿ ಈ ಉತ್ತರವನ್ನು ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಸರಿಸಬಹುದು.

ಎರಡು ಬರಗಳನ್ನು ಪಕ್ಕಪಕ್ಕ ಇಟ್ಟರೆ ಈ ಕ್ರಮದ ಅಗತ್ಯ ಅರ್ಥವಾಗುತ್ತದೆ. 2022ರ ಆಗಸ್ಟ್ ಮಧ್ಯದಲ್ಲಿ ಕೌಬ್ 30ರ ಆಸುಪಾಸಿಗೆ ಇಳಿಯಿತು, ಆದರೆ ಆ ತಿಂಗಳ ಎರಡನೆಯ ಅರ್ಧದಿಂದಲೇ ಮಳೆ ಬಂದು ಸೆಪ್ಟೆಂಬರಿನಲ್ಲಿ ಸಂಚಾರ ಬಹುಮಟ್ಟಿಗೆ ಸುಧಾರಿಸಿತು. 2018ರಲ್ಲಿ ಬೇಸಿಗೆಯಲ್ಲೇ ಆರಂಭವಾದ ಇಳಿತ ಶರತ್ಕಾಲವನ್ನೆಲ್ಲ ನುಂಗಿ, ಡಿಸೆಂಬರ್ ಆರಂಭದ ಮಳೆಗಳು ಬರುವವರೆಗೆ ಬಿಡಲಿಲ್ಲ. ತಳ ಮುಟ್ಟಿದ ದಿನದಂದು ಎರಡೂ ವರ್ಷಗಳ ಮಾಪಕದ ಅಂಕಿಗಳು ಹತ್ತಿರ ಹತ್ತಿರವೇ ಇದ್ದವು. ಮಟ್ಟವೊಂದನ್ನೇ ನೋಡಿ ದಿನಾಂಕ ಹೇಳಲು ಹೊರಟವರು ಒಂದು ವರ್ಷದಲ್ಲಾದರೂ ಸೋಲಲೇಬೇಕಿತ್ತು.

ಬೇರೆ ನದಿಗಳಾದರೆ

ಕ್ರಮ ಅದೇ, ನೀರಿನ ಮೂಲ ಬೇರೆ. ಮಿಸಿಸಿಪ್ಪಿಯ ಮೆಂಫಿಸ್ ಮಾಪಕ 2022ರ ಅಕ್ಟೋಬರಿನಲ್ಲಿ ಸೊನ್ನೆಗಿಂತ 10.81 ಅಡಿ ಕೆಳಗೆ, 2023ರ ಅಕ್ಟೋಬರಿನಲ್ಲಿ 12.04 ಅಡಿ ಕೆಳಗೆ ಹೋಯಿತು; ಅಲ್ಲಿ ಕಣ್ಣಿಡಬೇಕಾದ್ದು ಒಹಾಯೊ ನದಿಯ ಮೇಲೆ, ಕೆಳಭಾಗದ ಮಿಸಿಸಿಪ್ಪಿಗೆ ದೊಡ್ಡ ಪಾಲು ತರುವುದು ಅದೇ. ಬ್ರೆಜಿಲಿನ ಮನಾವುಸ್‌ನಲ್ಲಿ ರಿಯೊ ನೀಗ್ರೊ 2023ರಲ್ಲಿ 12.70 ಮೀಟರಿಗೂ 2024ರಲ್ಲಿ 12.11 ಮೀಟರಿಗೂ ಇಳಿಯಿತು. ಆ ನದಿ ನಮ್ಮ ಮುಂಗಾರಿನಂತೆ ಋತುವಿಗೆ ಕಟ್ಟುಬಿದ್ದದ್ದು, ಸಾಮಾನ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ ತಳ ಮುಟ್ಟಿ ಜೂನ್‌ವರೆಗೆ ಏರುತ್ತದೆ, ಹಾಗಾಗಿ ಅಲ್ಲಿ ‘ಯಾವಾಗ’ ಎಂಬುದಕ್ಕಿಂತ ‘ಎಷ್ಟು ವೇಗವಾಗಿ’ ಎಂಬುದೇ ಪ್ರಶ್ನೆ. ದಕ್ಷಿಣ ಅಮೆರಿಕದ ಪರಾನಾ ನದಿಯಲ್ಲಿ ಮೇಲಿನ ಅಣೆಕಟ್ಟುಗಳು ಬಿಡುವ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗೋವಾದ ಮಿತ್ರರೊಬ್ಬರು, ಮಾಂಡೋವಿಯ ಅದಿರು ಬಾರ್ಜ್‌ಗಳಿಗೆ ಈ ತೊಂದರೆ ಏಕಿಲ್ಲ ಎಂದು ಕೇಳಿದ್ದರು: ಬಾರ್ಜ್ ಓಡುವ ಆ ಭಾಗದಲ್ಲಿ ಸಮುದ್ರದ ಭರತ ಇಳಿತವೇ ಆಳವನ್ನು ನಿರ್ಧರಿಸುತ್ತದೆ, ಮೇಲಿನ ಮಹದಾಯಿ ಒಣಗಿದರೂ ಪಣಜಿಯ ಬಳಿ ನೀರು ದಿನಕ್ಕೆರಡು ಬಾರಿ ಏರಿಯೇ ಏರುತ್ತದೆ.

ಗ್ರಾಹಕರಿಗೆ ಬರೆಯುವಾಗ

ಒಂದು ದಿನಾಂಕ ಕೊಡಬೇಡಿ, ಎರಡು ಕೊಡಿ. ‘ಅಕ್ಟೋಬರ್ 20ರ ಹೊತ್ತಿಗೆ ಕೌಬ್ 100 ದಾಟುವ ಸಾಧ್ಯತೆ ಅರ್ಧದಷ್ಟು, ನವೆಂಬರ್ 25ರ ಹೊತ್ತಿಗೆ ಹತ್ತರಲ್ಲಿ ಎಂಟರಷ್ಟು’ ಎಂದು ಬರೆದು, ಯಾವ ಸಂಗತಿ ಕಂಡರೆ ಈ ಮಾತನ್ನು ಬದಲಿಸುತ್ತೀರಿ ಎಂಬುದನ್ನೂ ಸೇರಿಸಿ. ಮೊದಲಿಗೆ ಇದು ಅವರಿಗೆ ಹಿಡಿಸುವುದಿಲ್ಲ. ಅಂಬರನಾಥದ ಕಾರ್ಖಾನೆಯ ಹಿರಿಯರೊಬ್ಬರು, ‘ರಾಯರೇ, ನನಗೆ ತಾರೀಖು ಬೇಕು, ಪಂಚಾಂಗ ಬೇಡ’ ಎಂದಿದ್ದರು. ಯಾವ ಸರಕು ನವೆಂಬರ್ 25ರವರೆಗೆ ಕಾಯಬಹುದು, ಯಾವುದು ಕಾಯಲಾರದು ಎಂದು ಅವರೊಡನೆ ಕುಳಿತು ವಿಂಗಡಿಸಿದ ಮೇಲೆ, ಕಾಯಲಾರದ ಆರು ಕಂಟೇನರುಗಳನ್ನು ರೈಲಿಗೆ ಹಾಕಿ ಉಳಿದವನ್ನು ಬಾರ್ಜಿಗೆ ಬಿಟ್ಟರು. ಎರಡು ದಿನಾಂಕಗಳ ಉಪಯೋಗ ಇದೇ.

ನೀರು ಬಂದ ದಿನ ಸರಕು ಬರುವುದಿಲ್ಲ ಎಂಬುದನ್ನೂ ಅವರಿಗೆ ಮೊದಲೇ ತಿಳಿಸಿ. ವಾರಗಟ್ಟಲೆ ಬಂದರಿನಲ್ಲಿ ಕೂಡಿಬಿದ್ದ ಕಂಟೇನರುಗಳು ಸಾಲಿನಲ್ಲಿರುತ್ತವೆ, ಬಾರ್ಜ್‌ಗಳು ಎಲ್ಲೆಲ್ಲೋ ಚದುರಿರುತ್ತವೆ, ಸರ್‌ಚಾರ್ಜ್ ಲೆಕ್ಕ ಹಾಕುವ ದಿನದ ನಿಯಮ ಕಂಪನಿಗೊಂದರಂತೆ ಇರುತ್ತದೆ. ಮಿತಿ ದಾಟಿದ ಮೇಲೆ ಇನ್ನೂ ಎರಡು ಮೂರು ವಾರಗಳನ್ನು ನಾನು ಇದಕ್ಕಾಗಿಯೇ ಸೇರಿಸುತ್ತೇನೆ.

ಕೊನೆಗೆ ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ಪ್ರತಿ ಸೋಮವಾರ ಕೌಬ್, ಬಾಸೆಲ್, ಕಾನ್‌ಸ್ಟನ್ಸ್ ಮಟ್ಟಗಳು. ಬಲಪುಟದಲ್ಲಿ ಆ ದಿನ ನೀವು ಗ್ರಾಹಕರಿಗೆ ಕೊಟ್ಟ ಎರಡು ದಿನಾಂಕಗಳು. ನದಿ ನಿಜವಾಗಿ ಮಿತಿ ದಾಟಿದ ದಿನವನ್ನು ಆಮೇಲೆ ಕೆಂಪು ಶಾಯಿಯಲ್ಲಿ ಬರೆಯಿರಿ. ಅರ್ಧ ಸಾಧ್ಯತೆ ಎಂದು ನೀವು ಹೇಳಿದ ದಿನಾಂಕಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ನಿಜವಾಗಿರಬೇಕು. ಬಹುತೇಕ ಎಲ್ಲವೂ ನಿಜವಾಗಿದ್ದರೆ ನೀವು ಅಗತ್ಯಕ್ಕಿಂತ ಹೆಚ್ಚು ಹೆದರುತ್ತಿದ್ದೀರಿ, ಮುಂದಿನ ಬಾರಿ ಮೊದಲ ದಿನಾಂಕವನ್ನು ಒಂದು ವಾರ ಹಿಂದಕ್ಕೆ ತನ್ನಿ; ಹತ್ತರಲ್ಲಿ ಎರಡೇ ನಿಜವಾಗಿದ್ದರೆ ಅದನ್ನು ಮುಂದಕ್ಕೆ ತಳ್ಳಿ.